ಷೋಕೇಸಿನ ಕೊಳಗ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹೊಸ ಮನೆಗಳ ನಡುಮನೆಗೆ ಹಿತ್ತಾಳೆ ವಾಪಸು ಬಂದಿದೆ. ಹಂಡೆಯಲ್ಲಿ ಪ್ಲಾಸ್ಟಿಕ್ ಹೂ, ಕೊಳದಪ್ಪಲೆಯಲ್ಲಿ ಹಳೇ ಪತ್ರಿಕೆ, ಟಿ.ವಿ. ಪಕ್ಕದ ಷೋಕೇಸಿನಲ್ಲಿ ಪಾವು, ಸೇರು, ಹಿತ್ತಾಳೆ ಕಟ್ಟಿನ ಕೊಳಗ. ಇದಕ್ಕೆ ‘ಪರಂಪರೆ’ ಅಂತ ಹೆಸರು. ಅವರವರ ಅಭಿರುಚಿ, ನಿಮಗೇನು ಕಷ್ಟ ಅನ್ನುವವರಿದ್ದಾರೆ. ಅಭಿರುಚಿ ಆಕಾಶದಿಂದ ಉದುರುವುದಿಲ್ಲ. ಈ ಪರಂಪರೆ ಯಾರದು ಅಂತ ನಾವು ಕೇಳಲೇಬೇಕು.

ಕೊಳಗವನ್ನೇ ತಗೊಳ್ಳಿ. 4 ಪಾವಿಗೆ 1 ಸೇರು, 20 ಕೊಳಗಕ್ಕೆ 1 ಖಂಡುಗ. ಇದು ಅಲಂಕಾರದ ವಸ್ತುವಲ್ಲ, ಅಧಿಕಾರದ ವಸ್ತು. ಕಣದಲ್ಲಿ ರಾಶಿ ಅಳೆದದ್ದು, ಗೇಣಿ ಅಳೆದದ್ದು, ಜೀತದಾಳಿನ ವರ್ಷದ ರಾಗಿ ಅಳೆದದ್ದು ಇದರಲ್ಲೇ. ಕೊಡುವಾಗ ಬಾಯಿ ಸವರಿ ಅಳೆಯೋದು, ಇಸ್ಕೊಳ್ಳುವಾಗ ಗೋಪುರ ಏರಿಸಿ ಅಳೆಯೋದು. ಹಿಂಗೆ ಅಳೆಸಿಕೊಂಡವರ ಹೊಟ್ಟೆಯ ಕತೆ ಷೋಕೇಸಿನ ಗಾಜಿನಲ್ಲಿ ಕಾಣುವುದಿಲ್ಲ. 1956ರ ತೂಕ ಮತ್ತು ಅಳತೆ ಕಾಯ್ದೆ ಕೊಳಗದ ಅಧಿಕಾರ ಕಿತ್ತುಕೊಂಡಿತು. 1974ರ ಭೂಸುಧಾರಣೆ ತಿದ್ದುಪಡಿ ಗೇಣಿಯನ್ನೂ 1976ರ ಕಾಯ್ದೆ ಜೀತವನ್ನೂ ರದ್ದು ಮಾಡಿದವು, ಕಾಗದದ ಮೇಲಾದರೂ. ಕೆಲಸ ಕಳಕೊಂಡು ಅಟ್ಟ ಸೇರಿದ್ದ ಕೊಳಗ ಈಗ ಇಳಿದು ಬಂದು ಷೋಕೇಸು ಹತ್ತಿದೆ.

ಇನ್ನು ಬಿಂದಿಗೆ. ನಮ್ಮ ಅವ್ವಂದಿರ ಸೊಂಟದ ಮೇಲೆ ಇದ್ದದ್ದು ಮಣ್ಣಿನ ಮಡಕೆ. ಅದಕ್ಕೆ ಬಡತನವೊಂದೇ ಕಾರಣ ಅಂದುಕೊಳ್ಳಬೇಡಿ. 1935ರ ನವೆಂಬರಿನಲ್ಲಿ ಗುಜರಾತಿನ ಅಹಮದಾಬಾದ್ ಜಿಲ್ಲೆಯ ಝಾನು ಎಂಬ ಹಳ್ಳಿಯಲ್ಲಿ ಅನುಕೂಲಸ್ಥ ಅಸ್ಪೃಶ್ಯರ ಮನೆಯ ಹೆಂಗಸರು ಲೋಹದ ಬಿಂದಿಗೆಯಲ್ಲಿ ನೀರು ತಂದರು. ದುಡ್ಡು ಅವರದು, ಬಿಂದಿಗೆ ಅವರದು. ಅಷ್ಟಕ್ಕೇ ಸವರ್ಣೀಯರು ಮೇಲೆ ಬಿದ್ದು ಹೊಡೆದರು. ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಇದನ್ನು ಬರೆದಿಟ್ಟಿದ್ದಾರೆ. ನಮ್ಮ ಕಡೆ ಬೊಗಸೆಗೆ ಎತ್ತರದಿಂದ ನೀರು ಹುಯ್ದ ಚೊಂಬನ್ನು, ತೆಂಗಿನ ಚಿಪ್ಪಿಗೆ ಟೀ ಹುಯ್ದ ಹೋಟೆಲನ್ನು ಮರೆಯೋದು ಹ್ಯಾಗೆ?

ಹಾಗಂತ ಹಿತ್ತಾಳೆ ಏನೂ ತಪ್ಪು ಮಾಡಿಲ್ಲ. ತಾಮ್ರ, ಸತು ಕೂಡಿದ ಲೋಹಕ್ಕೆ ಜಾತಿ ಇಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳ ಹಳೇ ಮೈಸೂರು ಸೀಮೆಯಲ್ಲಿ ಪಾತ್ರೆಗೆ ಹೆಸರಾಗಿದ್ದ ಊರು. ಅಲ್ಲಿ ಬಡಿದವರು ಬೋಗಾರರು. ನವಸಾಗರ ಹಾಕಿ ಒಳಗೆ ತವರ ಬಳಿದವರು ಊರೂರು ತಿರುಗಿದ ಕಲಾಯಿಯವರು. ಅವರಿಲ್ಲದಿದ್ದರೆ ಹುಳಿ ಸಾರು ಕಿಲುಬು ಹಿಡಿದು ವಿಷವಾಗುತ್ತಿತ್ತು. ಹುಣಸೇಹಣ್ಣು, ಬೂದಿ ಹಾಕಿ ಉಜ್ಜಿ ಕೈ ಸವೆಸಿದವರು ಹೆಂಗಸರು. ಅಲ್ಯೂಮಿನಿಯಂ, ಸ್ಟೀಲು ಬಂದು ಈ ಕಸುಬುಗಳು ಸೊರಗಿದಾಗ ಪರಂಪರೆಯ ಭಕ್ತರು ಯಾರೂ ಅಳಲಿಲ್ಲ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಪುರಾವಸ್ತು ಅನ್ನಿಸಿಕೊಳ್ಳಲು ಪಾತ್ರೆಗೆ 100 ವರ್ಷವಾದರೂ ಆಗಿರಬೇಕು. ಮೊನ್ನೆ ಮಾಡಿದ ಪಾತ್ರೆಗೂ ಅಮೋನಿಯಾ ಹೊಗೆ ಹಾಯಿಸಿ ಮುಪ್ಪು ಬರಿಸಿ ಮಾರುವವರಿದ್ದಾರೆ. ಮಾಡಿದವರ ಬೆವರು ಒರೆಸಿ, ಬರೀ ಕಪ್ಪನ್ನು ಮಾರುವ ವ್ಯಾಪಾರ ಇದು.

ಈ ಮಾತು ಮೇಲುಜಾತಿಯವರಿಗೆ ಮಾತ್ರ ಅಲ್ಲ. ನಮ್ಮ ಕೇರಿಯಿಂದ ಓದಿ ನೌಕರಿ ಹಿಡಿದ ಗೆಳೆಯರ ಮನೆಗೂ ಕೊಳಗ ಬರುತ್ತಿದೆ. ಬರಲಿ. ಅಪ್ಪನಿಗೆ ಕಡಿಮೆ ಅಳೆದ ಕೊಳಗವನ್ನು ಮಗ ತನ್ನ ಸಂಬಳದಲ್ಲಿ ಕೊಂಡು ತಂದರೆ ಅದು ಗೆಲುವೂ ಆಗಬಹುದು, ಸೋಲೂ ಆಗಬಹುದು. ಮಗು ‘ಇದೇನಪ್ಪಾ?’ ಅಂದಾಗ ‘ಆ್ಯಂಟಿಕ್ ಕಣೋ’ ಅಂದು ಸುಮ್ಮನಾದರೆ ಸೋಲು. ಯಾರು ಅಳೆದರು, ಯಾರಿಗೆ ಅಳೆದರು ಅಂತ ಬಾಯಿಬಿಟ್ಟು ಹೇಳಿದರೆ ಅದೇ ಕೊಳಗ ನಮ್ಮ ಪರ ಸಾಕ್ಷಿ.

ಹಳ್ಳಿಯ ಮೇಷ್ಟರುಗಳು ಒಂದು ಕೆಲಸ ಮಾಡಲಿ. ಕೊಳಗವನ್ನು ಶಾಲೆಗೆ ತನ್ನಿ. ಸವರಿ ಅಳೆದರೆ ಎಷ್ಟು, ಗೋಪುರ ಏರಿಸಿದರೆ ಎಷ್ಟು ಅಂತ ಮಕ್ಕಳ ಕೈಯಲ್ಲೇ ತೂಕ ಮಾಡಿಸಿ. ಆ ವ್ಯತ್ಯಾಸವನ್ನು ಖಂಡುಗಕ್ಕೆ ಗುಣಿಸಲಿ, ಅಜ್ಜ ದುಡಿದ ವರ್ಷಗಳಿಗೆ ಗುಣಿಸಲಿ. ಮಿಕ್ಕ ಲೆಕ್ಕವನ್ನು ಮಕ್ಕಳೇ ಕೇಳುತ್ತಾರೆ.