‘ಮೂಕಿ’ ಯುಗದ ಧ್ವನಿಚಿತ್ರಗಳು: ಆಲೀಸ್ ಗೀ ಅವರ ಫೋನೋಸೀನ್‌ಗಳನ್ನು ಕುರಿತು

ಚಲನಚಿತ್ರದ ಚರಿತ್ರೆಯನ್ನು ‘ಮೂಕಿ’ ಮತ್ತು ‘ವಾಕ್ಚಿತ್ರ’ ಎಂದು ಎರಡು ಯುಗಗಳಾಗಿ ವಿಂಗಡಿಸುವುದು ರೂಢಿ. ಅಮೆರಿಕದಲ್ಲಿ 1927ರ ‘ದ ಜಾಝ್ ಸಿಂಗರ್’, ಕನ್ನಡದಲ್ಲಿ 1934ರ ‘ಸತಿ ಸುಲೋಚನಾ’ ಈ ವಿಂಗಡಣೆಯ ಗಡಿಕಲ್ಲುಗಳು. ಬೋಧನೆಗೆ ಇದು ಅನುಕೂಲವೇ. ಆದರೆ ಈ ಗಡಿಯ ಆಚೆ ಉಳಿದು ಮರೆವಿಗೆ ಸಂದ ಕೃತಿಗಳೂ ಉಂಟು. ಫ್ರಾನ್ಸಿನ ಆಲೀಸ್ ಗೀ (1873–1968) ಗೋಮೋನ್ ಸಂಸ್ಥೆಗಾಗಿ 1902ರಿಂದ 1906ರವರೆಗೆ ನಿರ್ದೇಶಿಸಿದ ನೂರಕ್ಕೂ ಹೆಚ್ಚು ಫೋನೋಸೀನ್‌ಗಳು ಅಂಥವು.

ಇವುಗಳ ನಿರ್ಮಾಣಕ್ರಮ ಗಮನಾರ್ಹವಾದುದು. ಹಾಡನ್ನು ಮೊದಲು ಧ್ವನಿಮುದ್ರಿಸಿ, ಅನಂತರ ಆ ಮುದ್ರಿಕೆಯನ್ನು ನುಡಿಸುತ್ತ, ಅದಕ್ಕೆ ತುಟಿಯಾಡಿಸುವ ಕಲಾವಿದರನ್ನು ಚಿತ್ರೀಕರಿಸಲಾಗುತ್ತಿತ್ತು. ಪ್ರದರ್ಶನದಲ್ಲಿ ಕ್ರೋನೋಫೋನ್ ಎಂಬ ಯಂತ್ರವ್ಯವಸ್ಥೆ ಧ್ವನಿಯನ್ನೂ ಬಿಂಬವನ್ನೂ ಜೊತೆಗೂಡಿಸುತ್ತಿತ್ತು. ನಮ್ಮ ಚಿತ್ರಗಳ ಹಾಡುಗಳು ಇಂದಿಗೂ ಬಹುಮಟ್ಟಿಗೆ ಇದೇ ಕ್ರಮದಲ್ಲಿ ಚಿತ್ರಿತವಾಗುತ್ತವೆ.

ಯಂತ್ರದ ಹೊಸತನವನ್ನು ಮೆಚ್ಚಿ ಸುಮ್ಮನಾಗುವುದು ವಿಮರ್ಶೆಯಲ್ಲ. ಇಲ್ಲಿ ಧ್ವನಿಯೇ ಪೂರ್ವಪಾಠ, ಬಿಂಬ ಅದರ ವ್ಯಾಖ್ಯಾನ. ಯಕ್ಷಗಾನದಲ್ಲಿ ಭಾಗವತನ ಕಂಠವೂ ವೇಷಧಾರಿಯ ಕಾಯವೂ ಬೇರೆಯಾದರೂ ಕಾಲ ಒಂದೇ. ಫೆಲಿಕ್ಸ್ ಮಯೋಲ್ ಅವರ ಚಿತ್ರಗಳಲ್ಲಿ ಕಂಠವೂ ಕಾಯವೂ ಒಬ್ಬರವೇ, ಬೇರೆಯಾಗಿರುವುದು ಕಾಲ. ತಾನು ಹಿಂದೆ ಹಾಡಿದ್ದನ್ನು ಗಾಯಕ ಈಗ ಅಭಿನಯಿಸಬೇಕು. ಕ್ಯಾಮೆರಾ ಕದಲದು, ದೃಶ್ಯ ಕತ್ತರಿಗೊಳ್ಳದು. ಆದುದರಿಂದ ಕೈ, ಕಣ್ಣು, ಮೈಯ ಬಾಗು ಇವಿಷ್ಟರಿಂದಲೇ ಹಾಡು ಮತ್ತೊಮ್ಮೆ ಜೀವ ತಳೆಯಬೇಕು. ಮಯೋಲ್, ದ್ರಾನೆಮ್ ಮೊದಲಾದ ರಂಗಗಾಯಕರ ಉಳಿದುಬಂದ ಚಿತ್ರಗಳಲ್ಲಿ ಈ ಕಾರ್ಯ ಯಶಸ್ವಿಯಾಗಿದೆ. ಒಂದೊಂದು ಮುದ್ರಿಕೆಯ ಅಲ್ಪಾವಧಿಗೆ ತಕ್ಕಂತೆ ತುಣುಕಾದ ‘ಕಾರ್ಮೆನ್’, ‘ಫೌಸ್ಟ್’ನಂತಹ ಸಂಗೀತನಾಟಕಗಳಲ್ಲಿ ಕಥೆಯ ಓಟ ಕಡಿಯುವುದು ಅನಿವಾರ್ಯ. ಲಘುಗೀತೆಗೆ ಒಗ್ಗಿದ ಈ ಪ್ರಕಾರ ದೀರ್ಘ ಕಥನಕ್ಕೆ ಒಗ್ಗದು.

ಹಾಗಾದರೆ ಇವುಗಳ ಕರ್ತೃ ಯಾರು? ಗಾಯಕನೇ, ಯಂತ್ರವೇ, ನಿರ್ದೇಶಕಿಯೇ? ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಿಗೆ ಈ ಸಮಸ್ಯೆ ಅಪರಿಚಿತವಲ್ಲ. ಅಂಕಿತವಿದ್ದ ವಚನವನ್ನೇ ಒಬ್ಬರಿಂದ ಮತ್ತೊಬ್ಬರಿಗೆ ಆರೋಪಿಸಿದ ನಿದರ್ಶನಗಳು ನಮ್ಮಲ್ಲುಂಟು. ಈ ಚಿತ್ರಗಳಿಗಾದರೋ ಅಂಕಿತವೇ ಇಲ್ಲ. ಗಾಯಕನ ಹೆಸರು ಪ್ರಸಿದ್ಧವಾಯಿತು, ಸಂಸ್ಥೆಯ ಹೆಸರು ನಿಂತಿತು, ನಿರ್ದೇಶಕಿಯ ಹೆಸರು ಜಾರಿತು. ತಮ್ಮ ಚಿತ್ರಗಳ ಪಟ್ಟಿಯನ್ನು ಇಳಿವಯಸ್ಸಿನಲ್ಲಿ ತಾವೇ ಸಿದ್ಧಪಡಿಸಬೇಕಾದ ಸ್ಥಿತಿ ಆಕೆಯದಾಯಿತು. ಆತ್ಮಕಥನ ಅಚ್ಚಾದುದು 1976ರಲ್ಲಿ, ಮರಣಾನಂತರ. ಆದರೂ ಆಕೆ ಫೋನೋಸೀನನ್ನು ನಿರ್ದೇಶಿಸುತ್ತಿರುವುದನ್ನೇ ಸೆರೆಹಿಡಿದ 1905ರ ಕಿರುಚಿತ್ರವೊಂದು ಉಳಿದಿದೆ. ಧ್ವನಿಯಂತ್ರದ ತುತ್ತೂರಿ, ಕ್ಯಾಮೆರಾ, ವೇಷಧರಿಸಿದ ಕಲಾವಿದರು, ಅವರ ನಡುವೆ ಕಾರ್ಯನಿರತ ನಿರ್ದೇಶಕಿ. ಇದಕ್ಕಿಂತ ಮಿಗಿಲಾದ ಅಂತಃಸಾಕ್ಷ್ಯ ನಮ್ಮ ಹಸ್ತಪ್ರತಿಗಳಿಗೂ ದುರ್ಲಭ.

2002ರಲ್ಲಿ ಪ್ರಕಟವಾದ ಆಲಿಸನ್ ಮ್ಯಾಕ್‌ಮಹಾನ್ ಅವರ ಅಧ್ಯಯನ ಈ ಚಿತ್ರಗಳಿಗೆ ಸಲ್ಲಬೇಕಾದ ಮಹತ್ತ್ವವನ್ನು ಎತ್ತಿ ತೋರಿತು. ಆದರೂ ‘ಮೂಕಿಯುಗದ ನಿರ್ದೇಶಕಿ’ ಎಂಬ ವಿಶೇಷಣ ಆಕೆಯನ್ನು ಬಿಟ್ಟಿಲ್ಲ. ಯುಗವಿಭಜನೆ ಚರಿತ್ರಕಾರನ ಸಾಧನ ಮಾತ್ರ. ಕೃತಿ ಅದಕ್ಕೆ ಹೊಂದದಿದ್ದರೆ ತಿದ್ದಬೇಕಾದುದು ವಿಭಜನೆಯನ್ನೇ ಹೊರತು ಕೃತಿಯನ್ನಲ್ಲ.