ನಲವತ್ತು ವರ್ಷ, ಐವತ್ತು ಗುಡಿ

ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ಯಾರನ್ನು ಕೇಳಿದರೂ ಮೊದಲು ರಾಮಾಯಣವನ್ನೇ ಹೇಳುತ್ತಾರೆ. ವಾಲ್ಮೀಕಿಯ ಆಶ್ರಮ ಇದ್ದದ್ದು ಈ ಬೆಟ್ಟದಲ್ಲಿ, ಸೀತೆ ಲವಕುಶರನ್ನು ಹೆತ್ತದ್ದೂ ಇಲ್ಲೇ. ಕೆಳಗಿನ ಪ್ರಾಕಾರದೊಳಗೆ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ಅಣ್ಣತಮ್ಮಂದಿರ ಹೆಸರಿನ ಗುಡಿಗಳಿವೆ. ಕಥೆ ಚೆನ್ನಾಗಿದೆ. ಆದರೆ ಅದರ ಗದ್ದಲದಲ್ಲಿ ಇನ್ನೊಬ್ಬನ ಹೆಸರು ಅಡಗಿಹೋಗಿದೆ.

ಅವನು ತ್ರಿಭುವನಕರ್ತದೇವ, ಶೈವ ಯತಿ. ಕಲಿಯುಗರುದ್ರ ಎಂಬ ಬಿರುದು ಹೊತ್ತವನು. 961ರ ಶಾಸನದ ಪ್ರಕಾರ ಆವನಿಯ ಸ್ಥಾನವನ್ನು, ಅಂದರೆ ಮಠವನ್ನು, 40 ವರ್ಷ ಆಳಿ, 50 ಗುಡಿಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದ. ಶಾಸನದ ಹೊಗಳಿಕೆಯಲ್ಲಿ ಒಂದಷ್ಟು ಕಳೆದರೂ ಇದು ಸಾಮಾನ್ಯ ಮಾತಲ್ಲ. ನೊಳಂಬ ಅರಸುಮನೆತನದ ದೀವಬ್ಬರಸಿಯೂ ಇಲ್ಲಿ ಗುಡಿ ಕಟ್ಟಿಸಿದವಳೇ. ಅರಮನೆಯ ಹಣ ಬಂದಿತ್ತು ನಿಜ, ಆದರೂ ಆವನಿಯ ಸ್ವಭಾವ ಮಠದ್ದು ಎಂದೇ ನನ್ನ ವಾದ. ಒಂದೇ ಗೋಪುರವನ್ನು ಆಕಾಶಕ್ಕೆ ಏರಿಸಿ ಹೆಸರು ಕೆತ್ತಿಸಿಕೊಳ್ಳುವ ಹಟ ಇಲ್ಲಿ ಕಾಣುವುದಿಲ್ಲ. ಆಳೆತ್ತರದಿಂದ ನೋಡಿ ಮುಗಿಸಬಹುದಾದ ಗುಡಿಗಳು ಒಂದರ ಮಗ್ಗುಲಿಗೆ ಒಂದು, ಬೇಕಾದಾಗ ಸೇರಿಸುತ್ತ ಹೋದಂತೆ ನಿಂತಿವೆ. ಅವುಗಳ ನಡುವೆ ನಡೆದಾಡುವಾಗಲೇ ಈ ವಾಸ್ತು ಅರ್ಥವಾಗುವುದು.

ಕುಸುರಿಯ ಲೆಕ್ಕದಲ್ಲಿ ಲಕ್ಷ್ಮಣೇಶ್ವರವೇ ಮೇಲು. ಹೊರಗೋಡೆಯಲ್ಲಿ ಯಕ್ಷರು, ದ್ವಾರಪಾಲಕರು, ಭೈರವ, ಗಣಪತಿ, ಮಹಿಷಮರ್ದಿನಿ. ಇವುಗಳಲ್ಲಿ ಕೆಲವು ಬಿಗಿಯಾಗಿ, ತುಸು ಪೆಡಸಾಗಿ ನಿಂತಿವೆ ಎಂದರೆ ತಪ್ಪಲ್ಲ. ಒಳಗೆ ಹೋಗಿ ತಲೆಯೆತ್ತಿದರೆ ಬೇರೆಯೇ ಕೈ. ನವರಂಗದ ಭುವನೇಶ್ವರಿಯಲ್ಲಿ, ಎಂದರೆ ಕೆತ್ತನೆಯ ಒಳಮಾಳಿಗೆಯಲ್ಲಿ, ನಡುವೆ ಉಮಾಮಹೇಶ್ವರ, ಸುತ್ತ ತಂತಮ್ಮ ವಾಹನಗಳ ಮೇಲೆ ಎಂಟು ದಿಕ್ಪಾಲಕರು. ತಿಪಟೂರು ಕಡೆಯ ಅರಳಗುಪ್ಪೆಯ ಕಲ್ಲೇಶ್ವರದಲ್ಲಿ ಇದೇ ವಿನ್ಯಾಸದ ನಡುವೆ ಶಿವ ಕುಣಿಯುತ್ತಾನೆ. ಅದರ ರಭಸ ಆವನಿಯದಕ್ಕಿಲ್ಲ. ಇಲ್ಲಿ ಶಿವ ಸಂಸಾರಸ್ಥನಾಗಿ ಕೂತಿದ್ದಾನೆ. ಸನ್ಯಾಸಿಯ ಊರಲ್ಲಿ ಇದೊಂದು ತಮಾಷೆ.

ಬೇಲೂರು ನೋಡಿದ ಕಣ್ಣಿಗೆ ಇದೆಲ್ಲ ಒರಟು ಅನ್ನಿಸುತ್ತದಂತೆ. ಈ ಹೋಲಿಕೆಯೇ ಅನ್ಯಾಯದ್ದು. ಹೊಯ್ಸಳರ ಉಳಿ ಆಡಿದ್ದು ಮೆತ್ತನೆಯ ಬಳಪದ ಕಲ್ಲಿನ ಮೇಲೆ, ಕೋಲಾರದ ಕಲ್ಲುಕುಟಿಗನಿಗೆ ಸಿಕ್ಕಿದ್ದು ಗ್ರಾನೈಟು. ಅದು ಎಳೆಎಳೆಯಾದ ಆಭರಣಕ್ಕೆ ಒಗ್ಗುವುದಿಲ್ಲ. ಒಗ್ಗದ್ದನ್ನು ಬಲವಂತ ಮಾಡದೆ, ಮೈಯ ತುಂಬುವಿಕೆ ಮತ್ತು ಕಂಬದ ದಪ್ಪದಲ್ಲೇ ಶಿಲ್ಪಿ ಕೆಲಸ ಮುಗಿಸಿದ್ದಾನೆ. ನನ್ನ ತಕರಾರು ಇರುವುದು ಮುಂದೆ ಬಂದವರ ಮೇಲೆ. ರಾಮಲಿಂಗೇಶ್ವರಕ್ಕೆ ವಿಜಯನಗರದ ಕಾಲದಲ್ಲಿ ಸೇರಿದ ಮಂಟಪ ತನ್ನಷ್ಟಕ್ಕೆ ಭವ್ಯವೇ. ಆದರೆ ಅದು ಬಂದಮೇಲೆ ಸಮಾನರ ಗುಂಪಿನಲ್ಲಿ ಒಬ್ಬ ಯಜಮಾನ ಹುಟ್ಟಿಕೊಂಡ, ಹಳೆಯ ಅಳತೆ ತಪ್ಪಿತು.

ಕಲಾವಿಮರ್ಶಕರು ಗುಡಿಗಳಿಗಷ್ಟೇ ಅಂಕ ಕೊಟ್ಟು ಹೊರಡುತ್ತಾರೆ. ಶಾಸನ ಬರೆಸಿದವರು ಮಾತ್ರ ಕೆರೆಗಳನ್ನೂ ಅದೇ ಉಸಿರಿನಲ್ಲಿ ಎಣಿಸಿದ್ದರು. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ಶಿವರಾತ್ರಿಯ ಹೊತ್ತಿಗೆ ಆವನಿಯಲ್ಲಿ ದನಗಳ ಜಾತ್ರೆ ಕಟ್ಟುತ್ತದೆ. ಕೊಳ್ಳಲು ಬಂದ ರೈತ ಎತ್ತಿನ ಹಲ್ಲು ನೋಡುವ ಮೊದಲು ನೀರು ಎಲ್ಲಿದೆ ಎಂದು ಕೇಳುತ್ತಾನೆ.