ಜಡೆಯ ತುದಿಯ ವಯಸ್ಸು

ನೀಳಕೇಶವನ್ನು ಹಂಬಲಿಸುವವರ ಧ್ಯಾನವೆಲ್ಲ ಸಾಮಾನ್ಯವಾಗಿ ಬುಡದ ಮೇಲೆಯೇ ನೆಟ್ಟಿರುವುದು. ನೆತ್ತಿಗೆ ಯಾವ ಎಣ್ಣೆಯನ್ನು ತಿಕ್ಕಬೇಕು, ಗರುಗದ ಸೊಪ್ಪಿನ ರಸವನ್ನು ಎಣ್ಣೆಯಲ್ಲಿ ಯಾವ ಹದಕ್ಕೆ ಕಾಯಿಸಬೇಕು, ನೆನೆಸಿ ಅರೆದ ಮೆಂತ್ಯವು ತಲೆಯ ಮೇಲೆ ಎಷ್ಟು ಹೊತ್ತು ನಿಲ್ಲಬೇಕು ಎಂಬಿವೇ ಮೊದಲಾದ ಪ್ರಶ್ನೆಗಳಿಗೆ ನಮ್ಮ ಮನೆಗಳಲ್ಲಿ ಉತ್ತರಗಳ ಬಡತನವೆಂದೂ ಇದ್ದುದಿಲ್ಲ. ಅಭ್ಯಂಗವನ್ನು ವಿಧಿಸಿದ ವಾಗ್ಭಟಾಚಾರ್ಯನು ವಿಶೇಷವಾಗಿ ಹೆಸರಿಸಿದ್ದು ತಲೆ, ಕಿವಿ, ಪಾದಗಳನ್ನು. ಇಂದಿನ ಎಣ್ಣೆಸೀಸೆಗಳ ಮೇಲೆ ಮೊಣಕಾಲಿನವರೆಗೆ ಕೂದಲನ್ನು ಇಳಿಯಬಿಟ್ಟು ನಿಂತ ಚೆಲುವೆಯ ಚಿತ್ರದ ಕೆಳಗೆ ಅಚ್ಚಾಗಿರುವುದೂ ಬೇರಿನ ಬಲದ ಮಾತೇ. ಇಷ್ಟೆಲ್ಲ ಉಪಚಾರವು ಬುಡಕ್ಕೆ ಸಲ್ಲುತ್ತಿರುವಾಗ, ಅತ್ತ ಬೆನ್ನ ಹಿಂದೆ, ಕಣ್ಣಿಗೆ ಬೀಳದ ಎಡೆಯಲ್ಲಿ, ಜಡೆಯ ತುದಿಯು ಒಣಗಿ, ಕೆಂಚಗಾಗಿ, ಸೀಳಿ, ಮುರಿದು, ಬುಡವು ದುಡಿದು ಕೊಟ್ಟಷ್ಟನ್ನೂ ಸದ್ದಿಲ್ಲದೆ ಉದುರಿಸುತ್ತಿರುತ್ತದೆ. ‘ಎಷ್ಟು ವರ್ಷವಾದರೂ ಹೆಗಲಿನಿಂದ ಕೆಳಗಿಳಿಯುವುದೇ ಇಲ್ಲ’ ಎಂದು ಕೊರಗುವವರಲ್ಲಿ ಬಹುಮಂದಿಗೆ ಕೂದಲು ಚೆನ್ನಾಗಿಯೇ ಬೆಳೆಯುತ್ತಿದೆಯೆಂಬುದೂ, ಬೆಳೆದದ್ದು ನಿಲ್ಲುತ್ತಿಲ್ಲವೆಂಬುದೂ ನನ್ನ ದೃಢವಾದ ಅಭಿಪ್ರಾಯ.

ಲೆಕ್ಕವು ಸರಳವಾದದ್ದು. ಆರೋಗ್ಯವಂತರ ತಲೆಗೂದಲು ತಿಂಗಳಿಗೆ ಒಂದರಿಂದ ಒಂದೂಕಾಲು ಸೆಂಟಿಮೀಟರ್, ವರ್ಷಕ್ಕೆ ಹೆಚ್ಚುಕಡಿಮೆ 15 ಸೆಂಟಿಮೀಟರ್ ಬೆಳೆಯುತ್ತದೆ; ಸಾಮಾನ್ಯವಾಗಿ ಒಂದೊಂದು ಎಳೆಯೂ 2ರಿಂದ 6 ವರ್ಷಗಳ ಕಾಲ ಹೀಗೆ ಬೆಳೆದು, ಕೆಲವು ತಿಂಗಳು ವಿಶ್ರಮಿಸಿ, ತಾನಾಗಿಯೇ ಕಳಚಿ ಬೀಳುತ್ತದೆ. ಹೀಗಿರುವಲ್ಲಿ, ಸೊಂಟದವರೆಗೆ, ಎಂದರೆ 80–90 ಸೆಂಟಿಮೀಟರಿನಷ್ಟು ಇಳಿದ ಜಡೆಯ ತುದಿಗೆ ಐದಾರು ವರ್ಷ ವಯಸ್ಸಾಗಿರಲೇಬೇಕು. ಅದು ಐದಾರು ದೀಪಾವಳಿಗಳ ಎಣ್ಣೆನೀರನ್ನೂ, ಅಷ್ಟೇ ಬೇಸಗೆಗಳ ಬಿಸಿಲನ್ನೂ, ವಾರಕ್ಕೊಮ್ಮೆ ಎಂದರೂ ಇನ್ನೂರೈವತ್ತಕ್ಕೆ ಮೀರಿದ ತಲೆಸ್ನಾನಗಳನ್ನೂ, ದಿನಕ್ಕೊಮ್ಮೆ ಎಂದರೂ ಎರಡು ಸಾವಿರದಷ್ಟು ಸಲ ಬಾಚಣಿಗೆಯ ಎಳೆತವನ್ನೂ ಸೈರಿಸಿ ಬಂದ ವಸ್ತು. ಕೂದಲಿನಲ್ಲಿ ಜೀವವಿರುವುದು ಚರ್ಮದ ಒಳಗಿನ ಕೂಪದಲ್ಲಿ ಮಾತ್ರ. ಹೊರಬಂದ ಭಾಗಕ್ಕೆ ರಕ್ತವಿಲ್ಲ, ನರವಿಲ್ಲ, ಗಾಯವಾದರೆ ಮಾಯುವ ಶಕ್ತಿಯಿಲ್ಲ. ಸೀಳಿದ ತುದಿಯನ್ನು ಕೂಡಿಸುವೆನೆನ್ನುವ ಲೇಪಗಳು ಮುಂದಿನ ಸ್ನಾನದವರೆಗೆ ಅದನ್ನು ಅಂಟಿಸಿ ಹಿಡಿದಾವೇ ಹೊರತು ಬೆಸೆಯಲಾರವು. ಆದಕಾರಣ ನೀಳಕೇಶದ ವಿದ್ಯೆಯಲ್ಲಿ ಚಿಕಿತ್ಸೆಗಿಂತ ಕಾಪು ದೊಡ್ಡದು.

ಕಾಪಾಡಬೇಕಾದದ್ದು ಯಾವುದನ್ನು ಎಂಬುದನ್ನೂ ಹೇಳಬೇಕು. ಕೂದಲಿನ ಒಳತಿರುಳು ಕೆರಾಟಿನ್ ಎಂಬ ಪ್ರೋಟೀನಿನ ಉದ್ದುದ್ದನೆಯ ತಂತುಗಳ ಕಟ್ಟು. ಅದರ ಸುತ್ತ ತೆಳ್ಳನೆಯ ಶಲ್ಕಗಳು, ಮಾಡಿಗೆ ಹೊದಿಸಿದ ಹಂಚುಗಳಂತೆ ಒಂದರ ಮೇಲೊಂದು ಚಾಚಿಕೊಂಡು, 5ರಿಂದ 10 ಪದರಗಳಾಗಿ ಹೊದೆದಿವೆ. ಶಲ್ಕಗಳ ಅಂಚು ಯಾವಾಗಲೂ ತುದಿಯ ಕಡೆಗೆ ಮುಖಮಾಡಿರುವುದರಿಂದ, ಒಂದು ಎಳೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ಬುಡದಿಂದ ತುದಿಗೆ ಎಳೆದರೆ ನುಣುಪಾಗಿಯೂ, ತುದಿಯಿಂದ ಬುಡಕ್ಕೆ ಎಳೆದರೆ ತರಕಲಾಗಿಯೂ ತೋರುವುದು. ಇದನ್ನು ಬಲ್ಲ ಕಸುಬಿನವರು ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿದ್ದಾರೆ. ಬಾಚುವಾಗ ಉದುರಿದ್ದನ್ನು ಉಂಡೆಮಾಡಿ ಗೋಡೆಯ ಸಂದಿಯಲ್ಲಿಟ್ಟು, ಬೀದಿಯಲ್ಲಿ ಬಂದವನಿಗೆ ಕೊಟ್ಟು ಪಿನ್ನನ್ನೋ ಪಾತ್ರೆಯನ್ನೋ ಪಡೆದ ಹೆಂಗಸರ ಕೂದಲು ಇಂಥ ಕಡೆಗಳಿಗೆ ಬಂದು, ಅಲ್ಲಿ ಸಿಕ್ಕು ಬಿಡಿಸಿಕೊಂಡು, ಉದ್ದದ ಪ್ರಕಾರ ವಿಂಗಡಗೊಳ್ಳುತ್ತದೆ. ಎಳೆಗಳೆಲ್ಲ ಬುಡಕ್ಕೆ ಬುಡ, ತುದಿಗೆ ತುದಿ ಕೂಡಿರುವ ಕೂದಲಿಗೆ ಈ ವ್ಯಾಪಾರದಲ್ಲಿ ಹೆಚ್ಚಿನ ಬೆಲೆ, ಏಕೆಂದರೆ ತಲೆಕೆಳಗಾದ ಎಳೆಗಳ ಶಲ್ಕಗಳು ಒಂದಕ್ಕೊಂದು ಕೊಕ್ಕೆಹಾಕಿ ಮತ್ತೆ ಗಂಟಾಗುತ್ತವೆ. ಎಳೆಯ ಕೂದಲಿನ ಮೈಗೆ ಹುಟ್ಟಿನಿಂದಲೇ ಅಂಟಿಬಂದ ಸ್ನಿಗ್ಧವಾದ ಸೂಕ್ಷ್ಮಲೇಪವೊಂದುಂಟು. ಕಾಲಕ್ರಮದಲ್ಲಿ ಅದು ತೊಳೆದುಹೋಗುತ್ತದೆ, ಶಲ್ಕಗಳು ಒಂದೊಂದಾಗಿ ಏಳುತ್ತವೆ, ಕೊನೆಗೆ ಹೊದಿಕೆಯಿಲ್ಲದ ತಂತುಗಳು ಬಿಚ್ಚಿಕೊಂಡು ತುದಿಯು ಕವಲೊಡೆಯುತ್ತದೆ. ಹಾಗೆ ಬಿದ್ದ ಸೀಳು ತುದಿಯಲ್ಲೇ ನಿಲ್ಲದೆ ಮೇಲಕ್ಕೆ ಏರುವ ಸ್ವಭಾವದ್ದು.

ತಮ್ಮ ಕೂದಲು ನಿಜವಾಗಿ ಉದುರುತ್ತಿದೆಯೋ ಮುರಿಯುತ್ತಿದೆಯೋ ಎಂಬುದನ್ನು ಅರಿಯಲು ಬಾಚಣಿಗೆಯೇ ಸಾಕು. ಅದಕ್ಕೆ ಸಿಕ್ಕ ಎಳೆಗಳನ್ನು ಬಿಳಿಯ ಬಟ್ಟೆಯ ಮೇಲೆ ಹರಡಿ ನೋಡಿ: ಒಂದು ಕೊನೆಯಲ್ಲಿ ಬಿಳಿಯ ಪುಟ್ಟ ಗಡ್ಡೆಯಿದ್ದರೆ ಅದು ಅವಧಿ ತೀರಿ ಕಳಚಿದ ಕೂದಲು, ದಿನಕ್ಕೆ 50ರಿಂದ 100ರವರೆಗೆ ಬೀಳುವುದು ಸಹಜಧರ್ಮ, ಎರಡು ಕೊನೆಯಲ್ಲಿಯೂ ಗಡ್ಡೆಯಿಲ್ಲದ ಗೇಣುದ್ದದ, ಬೆರಳುದ್ದದ ತುಂಡುಗಳೇ ಹೆಚ್ಚಾಗಿದ್ದರೆ ಅದು ಮುರಿತ, ಅದಕ್ಕೆ ನೆತ್ತಿಯ ಎಣ್ಣೆ ಉತ್ತರವಲ್ಲ. ಇನ್ನೊಂದು ಮಾತು: ಜಡೆಯು ಕೆಳಗೆ ಬಂದಂತೆ ಸಣ್ಣದಾಗುವುದನ್ನೆಲ್ಲ ದೋಷವೆಂದು ಎಣಿಸಬಾರದು. ಎಲ್ಲ ಎಳೆಗಳೂ ಒಂದೇ ದಿನ ಹುಟ್ಟಿದವಲ್ಲವಾದ್ದರಿಂದ ಎಲ್ಲವೂ ಒಂದೇ ಕಡೆ ಮುಗಿಯಲಾರವು; ಮೃದುವಾಗಿ ಸಪುರವಾಗುತ್ತ ಬಂದ ತುದಿ ಆರೋಗ್ಯದ್ದೇ, ಹಠಾತ್ತನೆ ತೆಳುವಾಗಿ ಬೆಳಕಿಗೆ ಹಿಡಿದಾಗ ಆಚೆಯದು ಕಾಣುವಂತೆ ಜೊಳ್ಳಾದದ್ದು ಮುರಿದದ್ದು.

ತುದಿಗೆ ಅತಿದೊಡ್ಡ ಪರೀಕ್ಷೆಯೆಂದರೆ ತಲೆಸ್ನಾನ. ನೀರು ಕುಡಿದ ಕೂದಲು ಅಡ್ಡಳತೆಯಲ್ಲಿ ನೂರಕ್ಕೆ ಹದಿನೈದರಷ್ಟು ಉಬ್ಬಿ, ಒಣಗಿದಾಗ ಮತ್ತೆ ಕುಗ್ಗುತ್ತದೆ. ಈ ಉಬ್ಬು-ಕುಗ್ಗುಗಳ ಪುನರಾವೃತ್ತಿಯಿಂದ ಶಲ್ಕಗಳು ಸಡಿಲುತ್ತವೆ, ಒಳಗಿನ ಪ್ರೋಟೀನು ಸೋರುತ್ತದೆ. ಇಲ್ಲಿ ನಮ್ಮ ಹಿರಿಯರ ಎಣ್ಣೆನೀರಿನ ಪದ್ಧತಿಗೆ ವಿಜ್ಞಾನವು ತಡವಾಗಿ ಸಾಕ್ಷಿ ನುಡಿದಿದೆ. ಆರತಿ ರೇಲೆ ಮತ್ತು ಆರ್. ಬಿ. ಮೊಹಿಲೆ ಎಂಬಿಬ್ಬರು ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜತೈಲ ಈ ಮೂರನ್ನೂ ತೂಗಿ ನೋಡಿದಾಗ, ತೊಳೆಯುವುದಕ್ಕೆ ಮೊದಲು ಹಚ್ಚಿದರೂ ಅನಂತರ ಹಚ್ಚಿದರೂ ಪ್ರೋಟೀನಿನ ನಷ್ಟವನ್ನು ಗಣನೀಯವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಅದರಲ್ಲಿನ ಲಾರಿಕ್ ಆಮ್ಲದ ಅಣು ಚಿಕ್ಕದೂ ನೇರವೂ ಆಗಿ ಕೂದಲಿನ ಒಳಗೆ ಇಳಿಯಬಲ್ಲುದು. ಹಾಗೆಂದು ನೆತ್ತಿಗೆ ಬಟ್ಟಲೆಣ್ಣೆಯನ್ನು ಹೊಯ್ದು, ಕೈಗೆ ಉಳಿದ ಜಿಡ್ಡನ್ನು ತುದಿಗೆ ಒರಸುವ ಕ್ರಮವನ್ನು ನಾನು ಒಪ್ಪಲಾರೆ: ಮೊದಲ ಚಮಚವು ತುದಿಗೆ ಸಲ್ಲಬೇಕು, ಅದೂ ಸ್ನಾನಕ್ಕೆ ಕೆಲವು ಗಂಟೆ ಮುಂಚಿತವಾಗಿ, ಸಾಧ್ಯವಾದರೆ ಹಿಂದಿನ ರಾತ್ರಿಯೇ. ಹರಳೆಣ್ಣೆಯ ಮೇಲೆ ನಮ್ಮವರಿಗಿರುವ ಭಕ್ತಿಯಲ್ಲಿ ನಾನು ಪಾಲುಗಾರನಲ್ಲ. ಮಂದವಾದ ಆ ಎಣ್ಣೆಯನ್ನು ಬಿಡಿಸಲು ಮಾಡಬೇಕಾದ ಉಜ್ಜಾಟದಲ್ಲಿ, ಅದು ಮಾಡಿರಬಹುದಾದ ಉಪಕಾರದ ಬಹುಭಾಗ ಕೊಚ್ಚಿಹೋಗುತ್ತದೆ.

ಸೀಗೆಯ ವಿಚಾರದಲ್ಲಿ ನನ್ನ ನಿಷ್ಠೆ ಅಚಲವಾದದ್ದು, ಆದರೆ ಕುರುಡಲ್ಲ. ಕೊಳವೆಬಾವಿಯ ಗಡಸುನೀರಿನಲ್ಲಿ ಸಾಬೂನು ಕರಗದ ಕಿಟ್ಟವಾಗಿ ಕೂದಲಿಗೆ ಹಿಡಿಯುವುದು, ಸಾಬೂನಿನ ಕ್ಷಾರವು ಶಲ್ಕಗಳನ್ನು ಮೇಲೆಬ್ಬಿಸುವುದು. ಸೀಗೆಯ ನೊರೆಗೆ ಈ ಎರಡು ದುರ್ಗುಣಗಳೂ ಇಲ್ಲ. ಅದರ ದೋಷವಿರುವುದು ಪುಡಿಯಲ್ಲಿ. ಮಿಲ್ಲಿನಲ್ಲಿ ದಪ್ಪಗೆ ಬೀಸಿದ ಸೀಗೇಪುಡಿಯನ್ನು ಕಲಸಿ, ಬಟ್ಟೆಯನ್ನು ತಿಕ್ಕುವ ಹುರುಪಿನಲ್ಲಿ ತುದಿಯವರೆಗೂ ಉಜ್ಜಿದರೆ, ಮುದಿ ಶಲ್ಕಗಳ ಮೇಲೆ ಆ ತರಿಗಳು ಏನು ಮಾಡಬಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಪುಡಿಯು ವಸ್ತ್ರಗಾಲಿತವಾಗಿರಬೇಕು, ಇಲ್ಲವೆ ಕಾಯನ್ನು ರಾತ್ರಿ ನೆನೆಯಿಟ್ಟು, ಕುದಿಸಿ, ಸೋಸಿದ ನೀರನ್ನೇ ಬಳಸಬೇಕು. ಅದನ್ನು ನೆತ್ತಿಗೆ ಹಾಕಿ ನೆತ್ತಿಯನ್ನು ಮಾತ್ರ ಉಜ್ಜಿದರೆ, ಇಳಿದುಬರುವ ನೊರೆಯೇ ತುದಿಯನ್ನು ಬೇಕಾದಷ್ಟು ತೊಳೆಯುತ್ತದೆ. ಶಾಂಪೂ ಬಳಸುವವರಿಗೂ ಇದೇ ಮಾತು. ಅಂಟುವಾಳವನ್ನು ಒಡವೆಗೂ ರೇಷ್ಮೆಸೀರೆಗೂ ಮೀಸಲಿಡುವುದು ಕ್ಷೇಮ. ದಾಸವಾಳದ ಸೊಪ್ಪನ್ನು ಕಿವುಚಿ ತೆಗೆದ ಲೋಳೆಯಂತೂ ನನ್ನ ಎಣಿಕೆಯಲ್ಲಿ ತುದಿಗೆಂದೇ ಹುಟ್ಟಿದ ದ್ರವ್ಯ: ಎಳೆಗಳ ನಡುವೆ ಅದು ಜಾರಿಕೆಯನ್ನು ತುಂಬುವುದರಿಂದ ಸಿಕ್ಕು ತಾನಾಗಿ ಸಡಿಲುತ್ತದೆ, ಪೇಟೆಯ ಕಂಡೀಷನರು ಹೆಚ್ಚಿನ ಬೆಲೆಗೆ ಮಾಡುವ ಕೆಲಸವೂ ಇಷ್ಟೇ.

ಒದ್ದೆಗೂದಲು ರಬ್ಬರಿನಂತೆ ಹಿಗ್ಗುವ, ಆದರೆ ಮಿತಿಮೀರಿ ಹಿಗ್ಗಿದ ಮೇಲೆ ಪೂರ್ವಸ್ಥಿತಿಗೆ ಬಾರದಿರುವ ವಸ್ತು. ಅದನ್ನು ಬಿರುಸಾದ ಟವೆಲ್ಲಿನಿಂದ ಬಡಿಯುವುದೂ, ನೆತ್ತಿಯಿಂದ ಕೆಳಕ್ಕೆ ಬಾಚಣಿಗೆಯನ್ನು ಎಳೆಯುವುದೂ ಸಲ್ಲದು. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ನೀರನ್ನು ಹೀರಿಸಿ, ಅರೆ ಆರಿದ ಮೇಲೆ ಬೆರಳುಗಳಿಂದ ದೊಡ್ಡ ಗಂಟುಗಳನ್ನು ಬಿಡಿಸಿ, ಅನಂತರ ಅಗಲಹಲ್ಲಿನ ಬಾಚಣಿಗೆಯಿಂದ ತುದಿಯ ಗೇಣುದ್ದವನ್ನು ಮೊದಲು, ಅದಕ್ಕೆ ಮೇಲಿನ ಗೇಣನ್ನು ಆಮೇಲೆ ಎಂಬಂತೆ ಮೇಲೇರಬೇಕು. ವಿದ್ಯುತ್ತಿನ ಇಸ್ತ್ರಿಯನ್ನು ಕುರಿತು ಎರಡೇ ಮಾತು: ಅದರ ಕಾವು ಸುಮಾರು 200 ಡಿಗ್ರಿ, ಒದ್ದೆ ಕೂದಲಿನ ಮೇಲೆ ಅದನ್ನಾಡಿಸಿದರೆ ಒಳಗಿನ ನೀರು ಕುದಿದು ಎಳೆಯೊಳಗೇ ಗುಳ್ಳೆಗಳೇಳುತ್ತವೆ.

ತುದಿಯನ್ನು ಉಳಿಸುವ ಇನ್ನೊಂದು ಮಾರ್ಗವೆಂದರೆ ಅದನ್ನು ಮರೆಮಾಡುವುದು. ಹಿಂದಿನವರು ಹೆಣ್ಣುಮಕ್ಕಳ ಹೆರಳಿನೊಡನೆ ಹೆಣೆದು ಕೊನೆಯಲ್ಲಿ ಇಳಿಬಿಡುತ್ತಿದ್ದ ಕುಚ್ಚು ಅಲಂಕಾರಕ್ಕೆಂದು ಬಂದದ್ದಾದರೂ, ಬಿಗಿಯಿಲ್ಲದೆ ಕಟ್ಟಿದಲ್ಲಿ ತುದಿಯ ಎಳೆಗಳನ್ನು ದಾರಗಳ ನಡುವೆ ಹುದುಗಿಸಿಕೊಂಡು ಸೀರೆಯ, ಕುರ್ಚಿಯ, ಬೆನ್ನಿನ ಘರ್ಷಣೆಯಿಂದ ಅವನ್ನು ಕಾಯುತ್ತಿತ್ತು. ತುರುಬಿನದೂ ಇದೇ ಉಪಕಾರ. ಶಾಲೆಯ ಹುಡುಗಿಯರು ಎರಡು ಜಡೆಗಳನ್ನು ಮಡಿಸಿ ಟೇಪು ಕಟ್ಟುವ ಕ್ರಮದಲ್ಲಿ ಲಾಭನಷ್ಟಗಳೆರಡೂ ಬೆರೆತಿವೆ: ತುದಿಯೇನೋ ಒಳಗೆ ಸೇರಿತು, ಆದರೆ ದಿನವೂ ಒಂದೇ ಕಡೆ ಮಡಿಕೆ ಬಿದ್ದು ಅಲ್ಲಿ ಮುರಿಯುವ ಸಂಭವವುಂಟು, ವಾರಕ್ಕೆ ಎರಡು ಸಲವಾದರೂ ಮಡಿಕೆಯ ಎಡೆಯನ್ನು ಬದಲಿಸಬೇಕು. ಮೊಗ್ಗಿನ ಜಡೆಯನ್ನು ನಿಂದಿಸುವ ಎದೆಗಾರಿಕೆ ನನಗಿಲ್ಲ. ಒಂದು ದಿನದ ಭಾರ ಯಾರಿಗೂ ಕೇಡು ಮಾಡದು. ಕೇಡಾಗುವುದು ಆ ರಾತ್ರಿ, ದಣಿದು ಬಂದ ಮೇಲೆ, ಹಿಂದೆ ನಿಂತವರು ಹೊಲಿದ ದಾರವನ್ನು ಅವಸರದಲ್ಲಿ ಕತ್ತರಿಸುವಾಗ ದಾರದೊಡನೆ ಕೂದಲೂ ಕತ್ತರಿಸಿಹೋದಾಗ.

ಮರೆಮಾಡುವ ಈ ವಿದ್ಯೆಯನ್ನು ಪರಿಪೂರ್ಣಗೊಳಿಸಿದವರು ಆಫ್ರಿಕದ ಚಾಡ್ ದೇಶದ ಬಸಾರಾ ಹೆಂಗಸರು. ಗುಂಗುರು ಕೂದಲಿನಲ್ಲಿ ನೆತ್ತಿಯ ಜಿಡ್ಡು ಸುರುಳಿಗಳನ್ನು ದಾಟಿ ತುದಿಗೆ ತಲಪುವುದು ಕಷ್ಟ, ಪ್ರತಿಯೊಂದು ತಿರುವೂ ಮುರಿತಕ್ಕೆ ಎಡೆ. ಆದರೂ ಅವರ ಜಡೆಗಳು ಸೊಂಟವನ್ನು ಮುಟ್ಟುತ್ತವೆ. ಶೇಬೆ ಎಂಬ ಗಿಡದ ಬೀಜದ ಪುಡಿಯನ್ನು ಎಣ್ಣೆಯೊಡನೆ ಬೆರೆಸಿ, ನೆತ್ತಿಯನ್ನು ಬಿಟ್ಟು ಕೂದಲಿನ ಉದ್ದಕ್ಕೆ ಮಾತ್ರ ಬಳಿದು, ಹೆಣೆದು, ದಿನಗಟ್ಟಲೆ ಹಾಗೆಯೇ ಬಿಡುವುದು ಅವರ ಕ್ರಮ. ಬುಡಕ್ಕೆ ಏನನ್ನೂ ಹಚ್ಚದೆ ಉದ್ದವನ್ನು ಸಾಧಿಸಿದ ಈ ಜನರ ಮುಂದೆ ನಮ್ಮ ಎಣ್ಣೆಸೀಸೆಯ ಚೆಲುವೆ ತಲೆತಗ್ಗಿಸಬೇಕಾದೀತು. ಚೀನದ ಶೀ ಚಿಯುಪಿಂಗ್ ಎಂಬಾಕೆ 1973ರಿಂದ ಕತ್ತರಿಸದೆ ಬೆಳೆಸಿದ ಕೂದಲು 2004ರಲ್ಲಿ 5.627 ಮೀಟರ್ ಇತ್ತು. ವರ್ಷಕ್ಕೆ ಭಾಗಿಸಿದರೆ 18 ಸೆಂಟಿಮೀಟರ್, ಎಂದರೆ ನಮ್ಮ ನಿಮ್ಮದಕ್ಕಿಂತ ಬಹಳ ಹೆಚ್ಚೇನೂ ಅಲ್ಲ. ಬೆಳವಣಿಗೆಯ ಅವಧಿ ಅಷ್ಟು ದೀರ್ಘವಾದದ್ದು ಆಕೆಯ ದೇಹದ ವಿಶೇಷ. ಮೂವತ್ತು ವರ್ಷದ ತುದಿ ಮುರಿಯದೆ ನಿಂತದ್ದು ಆಕೆಯ ಜತನ. ಭಟ್ಟನಾರಾಯಣನ ವೇಣೀಸಂಹಾರವನ್ನು ಓದುವಾಗಲೆಲ್ಲ ನನಗೊಂದು ಅರಸಿಕವಾದ ಸಂಶಯ ಬರುವುದುಂಟು: ಇಷ್ಟು ಕಾಲ ಮುಡಿಯನ್ನು ಕಟ್ಟದೆ ಕಾಡುಮೇಡುಗಳಲ್ಲಿ ಅಲೆದ ದ್ರೌಪದಿಯ ಕೇಶಾಗ್ರಗಳ ಸ್ಥಿತಿ ಹೇಗಿದ್ದೀತು? ಕಟ್ಟುವ ಮುನ್ನ ಸಿಕ್ಕು ಬಿಡಿಸುವುದಕ್ಕೇ ಭೀಮನಿಗೆ ಒಂದು ಜಾವ ಬೇಕಾಗಿರಬೇಕು.

ಉಳಿದದ್ದು ಕತ್ತರಿ. ತುದಿಯನ್ನು ಕತ್ತರಿಸಿದರೆ ಬುಡ ಬೇಗ ಬೆಳೆಯುವುದೆಂಬ ನಂಬಿಕೆಗೆ ಆಧಾರವಿಲ್ಲ. ಕತ್ತರಿಸಿದ ಸುದ್ದಿ ಕೂಪಕ್ಕೆ ತಲಪುವ ದಾರಿಯೇ ಇಲ್ಲ. ಆದರೆ ಸೀಳು ಮೇಲೇರುವುದನ್ನು ತಡೆಯಲು ಬೇರೆ ಉಪಾಯವೂ ಇಲ್ಲ. ಮೂರು ತಿಂಗಳಿಗೊಮ್ಮೆ ಒಂದು ಸೆಂಟಿಮೀಟರನ್ನು ಕೊಟ್ಟರೂ ಎರಡಕ್ಕಿಂತ ಹೆಚ್ಚು ನಿಮಗೆ ಉಳಿಯುತ್ತದೆ. ಸಲೂನಿನ ಕುರ್ಚಿಯಲ್ಲಿ ಕುಳಿತು ‘ಸ್ವಲ್ಪ’ ಎಂದವರಿಗೆ ಎಷ್ಟು ಹೋಗುವುದೆಂಬುದು ಬೇರೆ ಮಾತು. ತಾಳ್ಮೆಯಿದ್ದವರಿಗೆ ಇನ್ನೂ ಮಿತವ್ಯಯದ ಕ್ರಮವೊಂದುಂಟು: ಚೆನ್ನಾಗಿ ಆರಿದ ಕೂದಲಿನ ಒಂದು ಸಣ್ಣ ಕುಚ್ಚನ್ನು ಬೆಳಕಿಗೆ ಹಿಡಿದು ಮೆಲ್ಲನೆ ತಿರುಚಿದರೆ ಸೀಳಿದ ಎಳೆಗಳು ಹೊರಗೆ ನಿಮಿರುತ್ತವೆ, ಸೀಳಿನ ಮೇಲೆ ಅರ್ಧ ಬೆರಳಿನಷ್ಟು ಬಿಟ್ಟು ಅವನ್ನಷ್ಟೇ ಕತ್ತರಿಸುವುದು. ಕತ್ತರಿ ಈ ಕೆಲಸಕ್ಕೆಂದೇ ಇರಬೇಕು. ಕಾಗದವನ್ನೂ ಹಾಲಿನ ಪೊಟ್ಟಣವನ್ನೂ ಕತ್ತರಿಸಿ ಮೊಂಡಾದ ಅಲಗು ಎಳೆಯನ್ನು ಜಜ್ಜಿ, ಹೊಸ ಸೀಳಿಗೆ ತಾನೇ ದಾರಿ ತೋರುತ್ತದೆ. ಮಂಗಳವಾರ ಶುಕ್ರವಾರಗಳಂದೂ, ದೀಪ ಹಚ್ಚಿದ ಮೇಲೂ ಕೂದಲಿಗೆ ಕತ್ತರಿ ತಾಕಿಸಬಾರದೆಂಬ ನಿಯಮವನ್ನು ಪಾಲಿಸುವ ಮನೆಗಳಿಗೆ ನನ್ನ ತಕರಾರೇನೂ ಇಲ್ಲ: ದೀಪದ ಬೆಳಕಿನಲ್ಲಿ ಸೀಳು ಕಾಣುವುದೇ ಇಲ್ಲ, ವಾರದಲ್ಲಿ ಇನ್ನು ಐದು ಹಗಲುಗಳಿವೆ.